ಉಬ್ಬರಕ್ಕೆ ಕಾದ ಎಲ್ಲವ್ವ

ಮಂಗೋರ್ ಹಿಲ್

ಸೀಸದ ಗುಂಡುಗಳು ಕಡಲೆಕಾಳಿಗಿಂತ ತುಸು ದೊಡ್ಡವು. ನಡುವೆ ದಪ್ಪ ಸೂಜಿ ತೂರುವಷ್ಟು ತೂತು. ಮೀನುಗಾರರು ಬಲೆ ಮುಳುಗಲೆಂದು ಅದರ ಅಂಚಿಗೆ ಕಟ್ಟುವಂಥವು. ಚಿಕ್ಕಮ್ಮ ಅವನ್ನು ಒಂದು ಬಿಳಿ ಹತ್ತಿ ಸೀರೆಯ ಅಂಚಿನೊಳಗೆ ಗೇಣಿಗೊಂದರಂತೆ ಇಟ್ಟು ಹೊಲಿಯುತ್ತಿದ್ದಳು.

"ಇದ್ಯಾಕೆ?" ಎಂದು ಕೇಳಿದೆ.

"ನೀರಿಗೆ ಇಳಿದ ಕೂಡಲೇ ಸೀರಿ ತೇಲತೈತಿ. ಹೋದ ವರ್ಷ ಒಬ್ಬಾಕಿದು ಛತ್ರಿ ಹಂಗ ಅರಳಿ ಮ್ಯಾಲ ಬಂತು. ಪಾಸ್ಟರ್ ಕಣ್ಣು ಮುಚ್ಚಿ ಪ್ರಾರ್ಥನಿ ಮಾಡಿದ್ರು, ಖರೇ. ದಂಡಿ ಮ್ಯಾಲ ನಿಂತ ಮಂದಿ ಮುಚ್ಚಬೇಕಲ್ಲ?"

ನಾನು ಗೋವೆಗೆ ಬಂದದ್ದು ಇದಕ್ಕಲ್ಲ. ಧಾರವಾಡದಲ್ಲಿ ಸಸ್ಯಶಾಸ್ತ್ರದ ಸಂಶೋಧನಾ ಪ್ರಬಂಧ ಒಪ್ಪಿಸಿ ಕೈ ಖಾಲಿಯಾಗಿತ್ತು. ಸಮುದ್ರದ ಹತ್ತಿರ ಒಂದು ವಾರ ಸುಮ್ಮನೆ ಕೂರೋಣವೆಂದು ಅವ್ವನ ತಂಗಿ ಪ್ರೇಮಾ ಚಿಕ್ಕಮ್ಮನ ಮನೆಗೆ ಬಂದಿದ್ದೆ. ನಮ್ಮೂರು ಬೆಟಗೇರಿಯಿಂದ ಗೋವೆಗೆ ಹೋಗುವುದನ್ನು ಪರದೇಶ ಪ್ರಯಾಣ ಎಂದರೆ ನಗುವವರಿದ್ದಾರೆ. ಆದರೆ ಘಟ್ಟದ ಸುರಂಗಗಳನ್ನು ದಾಟಿ ರೈಲು ಕೆಳಗಿಳಿಯುತ್ತಿದ್ದಂತೆ ಗಾಳಿ ಒದ್ದೆಯಾಗುತ್ತದೆ, ನಿಲ್ದಾಣದಲ್ಲಿ ಕೂಗುವ ಭಾಷೆ ಬದಲಾಗುತ್ತದೆ, ಬೆವರು ಒಣಗುವುದೇ ಇಲ್ಲ. ನನಗೆ ಅಷ್ಟು ಸಾಕಿತ್ತು.

ವಾಸ್ಕೋ ನಿಲ್ದಾಣದ ಹೊರಗೆ ಹಳದಿ ಮಡ್‌ಗಾರ್ಡಿನ ಬೈಕುಗಳು ಸಾಲಾಗಿ ನಿಂತಿದ್ದವು. ಅವುಗಳ ಹಿಂದಿನ ಸೀಟಿಗೆ ಬಾಡಿಗೆ ಕೊಟ್ಟು ಕೂರಬೇಕು. ಓಡಿಸುವವರಿಗೆ ಇಲ್ಲಿ ಪೈಲಟ್ ಎನ್ನುತ್ತಾರೆ. ಹಿಂದಿಯಲ್ಲಿ ವಿಳಾಸ ಹೇಳಲು ಒದ್ದಾಡುತ್ತಿದ್ದೆ. ಪೈಲಟ್ ಪೂರ್ತಿ ಕೇಳಿಸಿಕೊಂಡು, "ಕನ್ನಡದಾಗ ಹೇಳ್ರೀ ಅಕ್ಕಾರ, ನಾವು ಬದಾಮಿ ಕಡಿಯಾವ್ರು," ಎಂದ. ಹೇಳಿದೆ. "ಓ, ಪ್ರಾರ್ಥನಿ ಪ್ರೇಮಕ್ಕನ ಮನಿಗೇನ್ರಿ! ನೀವೂ ಪ್ರಾರ್ಥನಿಯವರ?"

"ಅವರ ಅಕ್ಕನ ಮಗಳು," ಎಂದೆ.

ಅವನು ಕೇಳಿದ್ದು ಅದಲ್ಲ. ಆದರೂ ಅವನು ಗಾಡಿ ಎಬ್ಬಿಸಿದ, ನಾನು ಹಿಂದಿನ ಕಂಬಿ ಹಿಡಿದುಕೊಂಡೆ. ಏರು ಎಷ್ಟು ಕಡಿದಾಗಿತ್ತೆಂದರೆ ಮುಂದೆ ಮಾತಾಡಲು ಇಬ್ಬರಿಗೂ ಧೈರ್ಯವಿರಲಿಲ್ಲ.

ಧಾರವಾಡದ ಹಾಸ್ಟೆಲಿನಲ್ಲೂ ನನ್ನ ರೂಢಿ ಇದೇ. ಕರುಣಾ ಎಂಬ ಹೆಸರು, ಹೊಸಮನಿ ಎಂಬ ಅಡ್ಡಹೆಸರು ಕೇಳಿದರೆ ಕ್ರೈಸ್ತಳೇ ಎಂಬ ಮುಂದಿನ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ. ಭಾನುವಾರ ಬೆಳಿಗ್ಗೆ ಎಲ್ಲಿಗೆ ಎಂದರೆ ಹೊರಗೆ ಎನ್ನುತ್ತೇನೆ. ಮುಚ್ಚಿಡಬೇಕೆಂದಲ್ಲ. ಪ್ರಾರ್ಥನೆ ನನಗೆ ಬಾಗಿಲು ಹಾಕಿಕೊಂಡು ಮಾಡುವ ಕೆಲಸ. ಚಿಕ್ಕಮ್ಮನಿರುವ ಮಂಗೋರ್ ಹಿಲ್‌ನಲ್ಲಿ ಹಾಕಿಕೊಳ್ಳಲು ಬಾಗಿಲೇ ಇರಲಿಲ್ಲ. ಒಂದರ ಗೋಡೆಗೆ ಇನ್ನೊಂದು ಮನೆ. ಈ ಮನೆಯ ಒಗ್ಗರಣೆಗೆ ಆ ಮನೆಯವರು ಸೀನುತ್ತಾರೆ. ಚಿಕ್ಕಮ್ಮ ಊಟಕ್ಕೆ ಮುಂಚೆ ಪ್ರಾರ್ಥಿಸಿ ಮುಗಿಸಿದರೆ ಪಕ್ಕದ ಮನೆಯ ಬಿಜಾಪುರದ ಅಜ್ಜ ಅಲ್ಲಿಂದಲೇ, "ಆತೇನ್ ಪ್ರೇಮಾ? ಇನ್ನ ಉಣ್ಣ," ಎನ್ನುತ್ತಾನೆ.

ಚಿಕ್ಕಮ್ಮನ ಕೋಣೆ, ಬುಧವಾರ

ಬೆಳಿಗ್ಗೆ ಪಾವ್ ಮಾರುವವನ ಸೈಕಲ್ ಹಾರ್ನ್‌ಗೆ ಎಚ್ಚರವಾಗುತ್ತದೆ. ಆ ಪಾವ್‌ಗೆ ನಾವು ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದೆವು. ಇದನ್ನು ಗೋವೆಯವರು ನೋಡಿದರೆ ಏನೆನ್ನುತ್ತಾರೋ. ಇಲ್ಲಿ ಶಿಲುಬೆಗಳು ಚರ್ಚಿನೊಳಗಷ್ಟೇ ನಿಲ್ಲುವುದಿಲ್ಲ. ಬಸ್ ಸ್ಟಾಪಿನ ಪಕ್ಕ, ಬಾವಿಯ ಕಟ್ಟೆ, ತಿರುವಿನ ಮಾವಿನ ಮರದ ಬುಡ, ಎಲ್ಲೆಂದರಲ್ಲಿ ಚೆಂಡುಹೂವಿನ ಮಾಲೆ ಹಾಕಿಕೊಂಡು ನಿಂತಿರುತ್ತವೆ, ನಮ್ಮ ಕಡೆ ಹನಮಪ್ಪ ನಿಂತ ಹಾಗೆ. ಒಮ್ಮೆ ನಾನು ಹತ್ತಿದ ಬಸ್ಸಿನ ಡ್ರೈವರ್ ಪ್ರತಿ ಶಿಲುಬೆಗೂ ಹಣೆ ಮುಟ್ಟಿಕೊಳ್ಳುತ್ತಿದ್ದ. ನಾಲ್ಕು ತಲೆಮಾರಿನ ಕ್ರೈಸ್ತಳಾದ ನಾನು ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ. ನಮ್ಮ ಬೆಟಗೇರಿಯ ಸಭೆಯಲ್ಲಿ ಹಣೆ ಮುಟ್ಟುವ ಪದ್ಧತಿ ಇಲ್ಲ.

ಬುಧವಾರ ಸಂಜೆ ಚಿಕ್ಕಮ್ಮನ ಕೋಣೆಯಲ್ಲಿ ಹೆಂಗಸರ ಪ್ರಾರ್ಥನೆ. ಕೆಲಸದಿಂದ ನೇರ ಬಂದವರ ಕಾಲಿಗೆ ಇನ್ನೂ ಸಿಮೆಂಟಿನ ಬೂದಿ ಬಣ್ಣ. ಹಾಡಿದರು, ವಾಕ್ಯ ಓದಿದರು, ಆಮೇಲೆ ಬರುವ ಭಾನುವಾರದ ಮಾತು ಎತ್ತಿದರು. ಭಾನುವಾರ ಎಲ್ಲವ್ವನಿಗೆ ದೀಕ್ಷಾಸ್ನಾನ. ದಕ್ಷಿಣ ಗೋವೆಯ ಕಾಣಕೋಣದ ಕಡೆ ಒಂದು ಸಣ್ಣ ನದಿ ಸಮುದ್ರಕ್ಕೆ ಸೇರುವಲ್ಲಿ ಅವಳು ನೀರಿನಲ್ಲಿ ಮುಳುಗಿ ಏಳಬೇಕು. ವಾಸ್ಕೋದ ದಂಡೆಯಲ್ಲಿ ಜನ ಹೆಚ್ಚು ಎಂದು ಎಲ್ಲರೂ ಟೆಂಪೋದಲ್ಲಿ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗುವುದು ವಾಡಿಕೆ. ಬಿಳಿ ಸೀರೆ ಅವಳಿಗಾಗಿಯೇ.

ಎಲ್ಲವ್ವ ಸವದತ್ತಿ ಕಡೆಯವಳು, ನನಗಿಂತ ಹತ್ತು ವರ್ಷ ಹಿರಿಯಳಿರಬೇಕು. ಕಟ್ಟಡದ ಕೆಲಸ ಮಾಡುತ್ತಾಳೆ. ಕುತ್ತಿಗೆ ನೆಟ್ಟಗೆ ಇಟ್ಟು ನಡೆಯುತ್ತಾಳೆ, ತಲೆಯ ಮೇಲೆ ಬುಟ್ಟಿ ಇಲ್ಲದಾಗಲೂ.

"ಹೆಸರು ಏನ್ ಇಡೂದು?" ಎಂದಳು ಮಾರ್ತಕ್ಕ. ಅವಳು ಮೊದಲು ಮಲ್ಲವ್ವ. ಆ ಗುಂಪಿನಲ್ಲಿ ನೀರಿಗಿಳಿದವರೆಲ್ಲ ಹೊಸ ಹೆಸರಿನೊಂದಿಗೆ ಎದ್ದವರು. ರೂತಳು ಇದ್ದಾಳೆ, ಎಸ್ತೇರ್ ಇದ್ದಾಳೆ, ಇಬ್ಬರು ಮೇರಿಯರು ಜಗಳಾಡುತ್ತಾರೆ. ಇರುವ ಹೆಸರು ಮತ್ತೆ ಬೇಡವೆಂದು ಮಾರ್ತಕ್ಕ "ರೋಜಿ" ಎಂದಳು. "ಗೋವಾದಾಗ ಛಂದ ಕೇಳತೈತಿ."

ಬಾಗಿಲಲ್ಲಿ ಚಪ್ಪಲಿಗಳ ನಡುವೆ ಕುಳಿತಿದ್ದ ಎಲ್ಲವ್ವನ ಗಂಡ ಹನಮಂತ ಬಾಯಿ ಹಾಕಿದ. ಅವನು ಬಂದರಿನಲ್ಲಿ ಹಮಾಲಿ. ಪ್ರಾರ್ಥನೆಗೆ ಬರುವುದಿಲ್ಲ, ಚಹಾಕ್ಕೆ ಬರುತ್ತಾನೆ. "ಎಲ್ಲವ್ವ ಮುಳುಗಿ ರೋಜಿ ಎದ್ದು ಬಂದ್ರ ನಾ ಯಾರನ್ನ ಮನಿಗೆ ಕರಕೊಂಡು ಹೋಗ್ಲಿ? ಪರಸ್ತ್ರೀ ಆಗೂದಿಲ್ಲೇನ್ರಿ ಪಾಸ್ಟರ್?"

ಎಲ್ಲರೂ ನಕ್ಕರು. ಪ್ರಾರ್ಥನೆ ನಡೆಸಲು ಬಂದಿದ್ದ ಪಾಸ್ಟರ್ ಯೋಹಾನರೂ ನಕ್ಕರು. ವಾರದ ಉಳಿದ ದಿನಗಳಲ್ಲಿ ಅವರು ವೆಲ್ಡಿಂಗ್ ಮಾಡುತ್ತಾರೆ. ಮುಂಗೈ ತುಂಬ ಕಿಡಿ ಸಿಡಿದ ಸಣ್ಣ ಕಲೆಗಳು. ನಗು ನಿಂತ ಮೇಲೆ ಅವರು ಹೇಳಿದರು: "ಹನಮಂತಣ್ಣ, ನಾನೂ ಮೊದಲ ಹುಲಿಗೆಪ್ಪ ಇದ್ದೆ. ಹುಲಿಗೆಪ್ಪ ಕುಡದು ಗಟಾರದಾಗ ಬೀಳತಿದ್ದ. ಯೋಹಾನ ಬೀಳೂದಿಲ್ಲ. ಅವನ್ನ ನೀರಾಗ ಬಿಟ್ಟು ಬಂದೇನಿ. ಹೊಸಾ ಜೀವಕ್ಕ ಹೊಸಾ ಹೆಸರು, ಅಷ್ಟ."

ಎಲ್ಲವ್ವ ನಗಲಿಲ್ಲ. "ನೋಡೂಣ್ರಿ," ಎಂದಳು.

ಎಲ್ಲರೂ ಹೋದ ಮೇಲೆ ಚಿಕ್ಕಮ್ಮ ನನ್ನ ಕಡೆ ತಿರುಗಿದಳು. "ಆಕಿ ನೋಡೂಣು ಅಂದ್ರ ಒಲ್ಲೆ ಅಂತ ಅರ್ಥ. ನೀ ಕಲತಾಕಿ. ಒಂಚೂರು ತಿಳಿಸಿ ಹೇಳು."

ವಾಸ್ಕೋ ಪೇಟೆ, ಶನಿವಾರ

ಸೀಸದ ಗುಂಡುಗಳು ಸಾಲಲಿಲ್ಲ. ತರಲು ನಾನೂ ಎಲ್ಲವ್ವನೂ ಪೇಟೆಗೆ ಇಳಿದೆವು. ಮೀನಿನ ಸಾಲಿನ ವಾಸನೆಗೆ ನಾನು ಮೂಗು ಮುಚ್ಚಿಕೊಂಡೆ. ಎಲ್ಲವ್ವ ಮೆಲ್ಲಗೆ ನನ್ನ ಮೊಣಕೈ ಹಿಡಿದು ಹಣ್ಣಿನ ಸಾಲಿಗೆ ತಿರುಗಿಸಿದಳು. ಬೆಟಗೇರಿಯಲ್ಲಿ ಮೀನು ಎಂದರೆ ವರ್ಷಕ್ಕೊಮ್ಮೆ ಕೆರೆಯದು. ಇಲ್ಲಿ ಹೆಂಗಸರು ಕೊಂಕಣಿಯಲ್ಲಿ ಜಗಳವಾಡುತ್ತ ಮೀನಿನ ಕಿವಿರು ಎತ್ತಿ ತೋರಿಸುತ್ತಾರೆ, ನಮ್ಮ ಕಡೆ ಎತ್ತಿನ ಹಲ್ಲು ತೋರಿಸಿದ ಹಾಗೆ.

ತಿಳಿಸಿ ಹೇಳಲು ಮಾತು ಜೋಡಿಸಿಕೊಂಡೇ ಬಂದಿದ್ದೆ. ಬಲೆ-ದಾರದ ಅಂಗಡಿಯ ಮುಂದೆ ನಿಂತಾಗ ಅವಳೇ ಕೇಳಿದಳು: "ನಿಮಗ ಕರುಣಾ ಅಂತ ಯಾರಿಟ್ರಿ?"

"ಅಪ್ಪ."

"ಬದಲಿ ಮಾಡು ಅಂದ್ರ ಮಾಡತೀರೇನ್ರಿ?"

ನಾನು ಅಂಗಡಿಯವನಿಗೆ ದುಡ್ಡು ಎಣಿಸಿ ಕೊಟ್ಟೆ. ಅವಳು ಸೀಸದ ಗುಂಡುಗಳನ್ನು ಅಂಗೈಯಲ್ಲಿ ಆಡಿಸುತ್ತ ತಗ್ಗಿದ ದನಿಯಲ್ಲಿ ಹೇಳಿದಳು: "ಹೆಸರು ಬಿಡಬೇಕಂದ್ರ ನಾ ನೀರಿಗಿಳಿಯೂದಿಲ್ರಿ. ಆದ್ರ ಇಳೀಬೇಕು ಅಂತ ಮೂರು ವರ್ಷದಿಂದ ಜೀವ ಬಡಕೊಳ್ಳಾಕತ್ತೈತಿ. ಪಾಸ್ಟರ್‌ಗ ಎದುರು ಮಾತಾಡೂದು ಹ್ಯಾಂಗ್ರಿ? ನನ್ನ ಗಂಡನ ಮ್ಯಾಲ ಬಂದರದಾಗ ಮೂಟಿ ಬಿದ್ದಾಗ ದವಾಖಾನಿಗೆ ಹೊತ್ತಕೊಂಡು ಓಡಿದಾವ್ರು ಅವರ. ಪ್ರೇಮಕ್ಕಗ ಹೇಳಬ್ಯಾಡ್ರಿ."

ಹೇಳಲಿಲ್ಲ. ಗುಟ್ಟು ಇಟ್ಟುಕೊಳ್ಳುವುದು ನನಗೆ ಕಷ್ಟದ ಕೆಲಸವಲ್ಲ. ಆದರೆ ಸಂಜೆ ಚಿಕ್ಕಮ್ಮ ಉಳಿದ ಅಂಚನ್ನು ಹೊಲಿಯುತ್ತಿದ್ದಾಗ, ಆ ಸೀರೆಯನ್ನು ಉಡುವವಳು ನೀರಿನವರೆಗೂ ಹೋಗದೆ ತಿರುಗಿ ಬರಬಹುದೆಂದು ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಸೂಜಿಗೆ ದಾರ ಪೋಣಿಸಿ ಕೊಡುತ್ತ ಕೂತಿದ್ದೆ.

ಕಾಣಕೋಣ, ನೀರಿಲ್ಲದ ನದಿ

ಭಾನುವಾರ ಟೆಂಪೋದಲ್ಲಿ ರೊಟ್ಟಿಯ ಗಂಟು, ಬದನೆಕಾಯಿ ಪಲ್ಯದ ಡಬ್ಬಿ, ಒಂದು ಡೋಲಕ್, ಮತ್ತು ನಾವು. ದಕ್ಷಿಣಕ್ಕೆ ಹೋದಂತೆ ಊರುಗಳು ಸಣ್ಣವಾದವು, ಗದ್ದೆಗಳು ಬಂದವು. ಹನಮಂತ ಚಾಲಕನ ಪಕ್ಕ ಕೂತು, ತಾನು ಬಂದಿರುವುದು ಕೇವಲ ರೊಟ್ಟಿಗೆ ಎಂದು ಎಲ್ಲರಿಗೂ ಹೇಳಿ ಮುಗಿಸಿದ.

ಗಾಳಿಮರಗಳ ತೋಪು ದಾಟಿ ದಂಡೆಗೆ ಬಂದು ನಿಂತೆವು. ನದಿ ಇರಬೇಕಾದಲ್ಲಿ ಕೆಸರು ಇತ್ತು. ನಡುವೆ ಒಂದು ಸಣ್ಣ ಹರಿವು, ಮೊಣಕಾಲಿಗೂ ಬಾರದ್ದು. ಏಡಿಗಳು ಓಡಾಡುತ್ತಿದ್ದವು. ಒಂದು ದೋಣಿ ಮಗ್ಗುಲಾಗಿ ಮಲಗಿತ್ತು.

"ಹೋದ ವರ್ಷ ಇದ ಹೊತ್ತಿಗೆ ಎದಿಮಟ ಇತ್ತು," ಎಂದರು ಪಾಸ್ಟರ್.

"ಪಾಸ್ಟರ್," ಎಂದ ಹನಮಂತ, "ನಮ್ಮೂರಾಗ ಹಳ್ಳ ಬತ್ತತಾವ, ಬ್ಯಾಸಗಿ ಅಂತೀವಿ. ಇಲ್ಲೆ ಸಮುದ್ರನ ಬತ್ತೈತಲ್ರಿ!"

ನನಗೂ ಹೊಳೆದಿರಲಿಲ್ಲ. ಉಬ್ಬರ ಇಳಿತಗಳನ್ನು ಶಾಲೆಯಲ್ಲಿ ಓದಿದವಳು, ಚಂದ್ರನ ಚಿತ್ರ ಬಿಡಿಸಿ ಅಂಕ ತೆಗೆದವಳು. ಆದರೆ ಹಾವೇರಿ, ಗದಗ, ಸವದತ್ತಿಯಿಂದ ಬಂದ ನಮ್ಮಲ್ಲಿ ಒಬ್ಬರಿಗೂ ನೀರಿಗೆ ಹೋಗುವ ಮುಂಚೆ ನೀರು ಮನೆಯಲ್ಲಿದೆಯೇ ಎಂದು ಕೇಳಬೇಕೆಂದು ಅನ್ನಿಸಿರಲಿಲ್ಲ.

ದಂಡೆಯ ಮೇಲಿನ ಮನೆಯಿಂದ ಒಬ್ಬ ಅಜ್ಜಿ ಹೊರಬಂದಳು. ಹೂವಿನ ಫ್ರಾಕು, ಕುತ್ತಿಗೆಯಲ್ಲಿ ಜಪಮಣಿ. "ಉದಕ್ ನಾ ಆತಾಂ," ಎಂದು ಕೈಯಾಡಿಸಿದಳು. ಈಗ ನೀರಿಲ್ಲ, ಸಂಜೆಗೆ ಬರುತ್ತದೆ. ಉಳಿದದ್ದನ್ನು ಹಿಂದಿಯಲ್ಲಿ ಹೇಳಿದಳು. ನಮ್ಮನ್ನು ತನ್ನ ಬಲ್ಕಾವ್‌ನಲ್ಲಿ, ಅಂದರೆ ಮನೆಯ ಮುಂದಿನ ಕಲ್ಲುಬೆಂಚಿನ ಜಗುಲಿಯಲ್ಲಿ, ಕೂರಿಸಿದಳು. ಜಾಗ ಸಾಲದವರು ಮೆಟ್ಟಿಲ ಮೇಲೆ ಕೂತರು. ರೊಟ್ಟಿ ಬಿಚ್ಚಿದೆವು. ಅಜ್ಜಿ ಒಂದು ತುಂಡು ಮುರಿದು ಬಾಯಿಗಿಟ್ಟು, ಬಹಳ ಹೊತ್ತು ಅಗಿದು, ಚಲೋ ಇದೆ ಎಂಬಂತೆ ತಲೆಯಾಡಿಸಿದಳು. ಇನ್ನೊಂದು ತುಂಡು ತೆಗೆದುಕೊಳ್ಳಲಿಲ್ಲ.

ನನ್ನ ಹೆಸರು ಕೇಳಿದಳು. ಹೇಳಿದೆ.

"ಕ್ರಿಸ್ತಾಂವ್?" ಕ್ರೈಸ್ತಳೇ ಎಂದು ಹುಬ್ಬು ಏರಿಸಿದಳು. "ಕರುಣಾ? ಹೊಸದಾಗಿ ಆದವರೇ?"

"ನಾಲ್ಕು ತಲೆಮಾರು ಆಯಿತು."

"ಹೊಸಬರೇ," ಎಂದಳು. ಅವಳ ಹಿಂದೆ ಗೋಡೆಯ ಮೇಲೆ ಮುತ್ತಜ್ಜಂದಿರ ಚಿತ್ರಗಳು ಸಾಲಾಗಿದ್ದವು. ನನಗೆ ನಗು ಬಂತು. ಊರಿನಲ್ಲಿ ನಮ್ಮನ್ನು ಹಳೆಯ ಮನೆತನ ಎನ್ನುತ್ತಾರೆ.

ಮಾರ್ತಕ್ಕ ಈ ಹೊತ್ತಿಗೆ ಹೆಸರಿನ ಮಾತು ಮತ್ತೆ ತೆಗೆದಿದ್ದಳು. "ಅಜ್ಜೀ, ನೀವ ಹೇಳ್ರಿ. ಈಕಿಗೆ ರೋಜಿ ಅಂತ ಹೆಸರಿಡಾಕತ್ತೇವಿ. ಛಂದ ಐತಿಲ್ಲೋ? ರೋಜಿ!"

ಮನೆಯ ಹಿಂದಿನಿಂದ ಒಂದು ಕಂದು ನಾಯಿ ಬಾಲ ಅಲ್ಲಾಡಿಸುತ್ತ ಓಡಿ ಬಂದು ಮಾರ್ತಕ್ಕನ ಮುಂದೆ ಕೂತಿತು.

ಅಜ್ಜಿ ನಾಯಿಯ ತಲೆ ಸವರಿ, "ರೋಜಿ," ಎಂದು ಪರಿಚಯಿಸಿದಳು. ಹನಮಂತ ಜಗುಲಿಯಿಂದ ಇಳಿದು ಹೊಟ್ಟೆ ಹಿಡಿದುಕೊಂಡು ಅಂಗಳದಲ್ಲಿ ಕೂತುಬಿಟ್ಟ. ಚಿಕ್ಕಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಎಲ್ಲವ್ವ ಕೂಡ ನಕ್ಕಳು. ನಾನು ಬಂದಾಗಿನಿಂದ ಮೊದಲ ಸಲ. "ನೋಡ್ರಿ, ನನ್ನಕಿಂತ ಮೊದಲ ಬಂದು ಕುಂತಾಳ," ಎಂದಳು.

ನಕ್ಕು ಹಗುರಾದದ್ದರಿಂದಲೋ ಏನೋ, ಅದೇ ಉಸಿರಿನಲ್ಲಿ ಅವಳು ಪಾಸ್ಟರ್ ಕಡೆ ತಿರುಗಿದಳು.

"ಪಾಸ್ಟರ್, ಬೈಬ್ಯಾಡ್ರಿ. ಇಂವಾ ದವಾಖಾನಿ ಒಳಗ ಮಲಗಿದ್ನಲ್ಲ, ನನ್ನ ಒಳಗ ಬಿಡಲಿಲ್ಲ. ಹೊರಗ ನೆಲದ ಮ್ಯಾಲ ಕುಂತಿದ್ದೆ. ಪ್ರೇಮಕ್ಕ ಹೇಳಿಕೊಟ್ಟ ಪ್ರಾರ್ಥನಿ ಒಂದೂ ನೆನಪಿಗೆ ಬರಲಿಲ್ಲ. ಯೇಸಪ್ಪಾ, ನಾ ಎಲ್ಲವ್ವ, ಮಂಗೋರ್ ಹಿಲ್ಲದಾಕಿ, ಹನಮಂತನ ಹೆಂಡ್ತಿ ಅಂದೆ. ಅಷ್ಟ. ಇಡೀ ದಿನ ಅದನ್ನ ಅಂದೆ. ಅವ ಕೇಳಿದ. ಎಲ್ಲವ್ವ ಅನ್ನಾಕಿ ಕೂಗಿದ್ಲು, ಓ ಅಂದ. ಈಗ ಆಕಿ ಇಲ್ಲ, ಬ್ಯಾರೆ ಯಾರೋ ಅದಾಳ ಅಂತ ಅವಗ ಹ್ಯಾಂಗ ಹೇಳ್ಲಿ?"

ಹನಮಂತನ ನಗು ನಿಂತಿತ್ತು. ಅವನು ನಾಯಿಯ ಕಿವಿ ತಿಕ್ಕುತ್ತ ನೆಲ ನೋಡುತ್ತಿದ್ದ.

"ಅದು ದೇವಿ ಹೆಸರಲ್ಲೇನವಾ," ಎಂದಳು ಮಾರ್ತಕ್ಕ, ಮೆತ್ತಗೆ.

"ನಮ್ಮಾಯಿ ಇಟ್ಟ ಹೆಸರು, ಮಾರ್ತಕ್ಕ. ನಾ ಯಾರಿಗೆ ಕೈಮುಗೀತೀನಿ ಅಂತ ಯೇಸಪ್ಪಗ ಗೊತ್ತೈತಿ."

ಪಾಸ್ಟರ್ ನನ್ನ ಕಡೆ ತಿರುಗಿದರು. "ಸಿಸ್ಟರ್, ನಿಮ್ಮದು ಹಳೇ ಸಭೆ. ನಿಮ್ಮಲ್ಲಿ ಹ್ಯಾಂಗ ಮಾಡತಾರ?"

ಎಲ್ಲರ ಮುಖವೂ ನನ್ನ ಕಡೆ ತಿರುಗಿತು. ಗುಂಪಿನಲ್ಲಿ ನಂಬಿಕೆಯ ಬಗ್ಗೆ ಬಾಯಿಬಿಡುವುದು ನನ್ನಿಂದಾಗದ ಕೆಲಸ. ವಿಚಾರಸಂಕಿರಣದಲ್ಲಿ ಮಾತಾಡಬಲ್ಲೆ, ಏಕೆಂದರೆ ಅಲ್ಲಿ ಮಾತು ಎಲೆಗಳ ಬಗ್ಗೆ ಇರುತ್ತದೆ. ಗೊತ್ತಿಲ್ಲ ಎನ್ನಬಹುದಿತ್ತು. ಎಲ್ಲವ್ವ ನನ್ನನ್ನು ನೋಡಲಿಲ್ಲ. ಕೈಯಲ್ಲಿ ಬಿಳಿ ಸೀರೆಯ ಅಂಚು ಹಿಡಿದು ಒಂದು ಗುಂಡನ್ನು ಬೆರಳಲ್ಲಿ ಹೊರಳಿಸುತ್ತಿದ್ದಳು.

"ನಮ್ಮ ಮನೆಯಲ್ಲಿ ಮೊದಲು ದೀಕ್ಷಾಸ್ನಾನ ತೆಗೆದುಕೊಂಡವಳು ಮುತ್ತಜ್ಜಿ," ಎಂದೆ. "ಅವಳ ಹೆಸರು ದ್ಯಾಮವ್ವ. ಆಮೇಲೂ ದ್ಯಾಮವ್ವನೇ. ಬೆಟಗೇರಿಯಲ್ಲಿ ಅವಳ ಸಮಾಧಿಯ ಕಲ್ಲಿನ ಮೇಲೆ ಶಿಲುಬೆ ಇದೆ, ಅದರ ಕೆಳಗೆ ದ್ಯಾಮವ್ವ ಅಂತಲೇ ಇದೆ. ನಾವೆಲ್ಲ ಅವಳಿಂದ ಬಂದವರು." ಸ್ವಲ್ಪ ತಡೆದು, ಯಾಕೆಂದು ಈಗಲೂ ತಿಳಿಯದು, ಇನ್ನೊಂದು ಮಾತು ಸೇರಿಸಿದೆ: "ನಾನು ಪ್ರಾರ್ಥನೆ ಮಾಡುವಾಗ ಕರುಣಾ ಅಂತ ಹೇಳಿಕೊಳ್ಳುವುದೇ ಇಲ್ಲ. ಎಲ್ಲವ್ವನ ಮಾತು ಕೇಳಿ, ಹೇಳಿದರೆ ಚೆನ್ನಾಗಿರುತ್ತದೆ ಅನ್ನಿಸಿತು."

ಚಿಕ್ಕಮ್ಮ ನನ್ನನ್ನೇ ನೋಡುತ್ತಿದ್ದಳು. ಅವಳು ನನ್ನ ಬಾಯಿಂದ ಅಷ್ಟು ಮಾತು ಕೇಳಿದ್ದು ಅದೇ ಮೊದಲಿರಬೇಕು.

ಪಾಸ್ಟರ್ ಎದ್ದು ದಂಡೆಗೆ ಹೋದರು. ಕೆಸರಿನ ಅಂಚಿನಲ್ಲಿ ಬೆನ್ನು ತಿರುಗಿಸಿ ನಿಂತರು. ಮಾರ್ತಕ್ಕ ಉಳಿದ ರೊಟ್ಟಿ ಕಟ್ಟತೊಡಗಿದಳು. ಅಜ್ಜಿ ಒಳಗಿನಿಂದ ಬೆಲ್ಲದ ಕರಿ ಚಹಾ ತಂದಳು.

ಅದೇ ದಂಡೆ, ನೀರು ಬಂದ ಮೇಲೆ

ನೀರು ಬರುವುದು ಕಾಣುವುದಿಲ್ಲ. ನೋಡುತ್ತಿದ್ದರೂ ಕಾಣುವುದಿಲ್ಲ. ಮಗ್ಗುಲಾಗಿದ್ದ ದೋಣಿ ನೆಟ್ಟಗಾಗಿದ್ದನ್ನು ನೋಡಿ ನನಗೆ ತಿಳಿದದ್ದು. ಏಡಿಗಳ ತೂತುಗಳು ಮುಚ್ಚಿಹೋಗಿದ್ದವು. ಸಮುದ್ರ ಸದ್ದಿಲ್ಲದೆ ಒಳಗೆ ಬಂದು ನದಿಯನ್ನು ತುಂಬಿಸಿತ್ತು.

ಎಲ್ಲವ್ವ ಅಜ್ಜಿಯ ಮನೆಯಲ್ಲಿ ಬಿಳಿ ಸೀರೆ ಉಟ್ಟು ಬಂದಳು. ಉಟ್ಟಳೆಂದರೆ ಒಪ್ಪಿದಳೆಂದು ಅರ್ಥವಲ್ಲ ಎಂದು ನನಗೆ ಗೊತ್ತಿತ್ತು. ಪಾಸ್ಟರ್ ಆಗಲೇ ಸೊಂಟಮಟ್ಟದ ನೀರಿನಲ್ಲಿದ್ದರು. ಅವಳು ದಂಡೆಯಲ್ಲಿ ನಿಂತಳು. ಅಲೆ ಪಾದ ಮುಟ್ಟಿ ಹೋಯಿತು. ಮುಂದೆ ಹೆಜ್ಜೆ ಇಡಲಿಲ್ಲ.

ಪಾಸ್ಟರ್ ನೀರಿನಿಂದಲೇ ದನಿ ಎತ್ತಿದರು. "ನನಗ ಹುಲಿಗೆಪ್ಪನ್ನ ಬಿಟ್ಟು ಬರಬೇಕಾಗಿತ್ತವಾ. ಅಂವಾ ಹಂಗಿದ್ದ. ನಿನಗ ಬಿಟ್ಟು ಬರಾಕ ಅಂಥಾಕಿ ಯಾರೂ ಇಲ್ಲ. ನಾ ನನ್ನ ಅಳತಿ ತಗೊಂಡು ಎಲ್ಲರಿಗೂ ಅಂಗಿ ಹೊಲ್ಯಾಕತ್ತಿದ್ದೆ." ಮುಖದ ಮೇಲಿನ ನೀರು ಒರೆಸಿಕೊಂಡರು. "ಹೆಸರು ಕೊಡೂದು ನನ್ನ ಕೆಲಸ ಅಲ್ಲ. ಅವನ ಹೆಸರಿನ್ಯಾಗ ಮುಳುಗಿಸೂದು, ಅಷ್ಟ ನನ್ನ ಕೆಲಸ. ಬಾ ಎಲ್ಲವ್ವಾ."

ಅವಳು ಇಳಿದಳು. ಕುತ್ತಿಗೆ ನೆಟ್ಟಗೆ, ತಲೆಯ ಮೇಲೆ ಏನೋ ಹೊತ್ತವಳಂತೆ. ಸೀರೆ ತೇಲಲಿಲ್ಲ. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಎಲ್ಲವ್ವ ನೀರಿನ ಕೆಳಗೆ ಹೋದಳು, ಎಲ್ಲವ್ವ ಮೇಲೆ ಬಂದಳು, ಕೆಮ್ಮುತ್ತ. "ಉಪ್ಪ ಐತ್ರಿ!" ಎಂದಳು. ನದಿ ಎಂದರೆ ಸಿಹಿನೀರು ಎಂದುಕೊಂಡಿದ್ದಳಂತೆ.

ಹನಮಂತ ಟವೆಲ್ ಹಿಡಿದು ಮೊಣಕಾಲಿನವರೆಗೆ ನೀರಿಗಿಳಿದಿದ್ದ. ಪ್ಯಾಂಟು ಮಡಚಿರಲಿಲ್ಲ. ಅವಳು ಹತ್ತಿರ ಬಂದಾಗ ಮುಖ ದಿಟ್ಟಿಸಿ ನೋಡಿ, "ಆಕಿನ ಅದಾಳ್ರಿ," ಎಂದು ದಂಡೆಯಲ್ಲಿದ್ದವರಿಗೆಲ್ಲ ಕೂಗಿ ಹೇಳಿದ. ದನಿ ತಮಾಷೆಯದೇ. ಆದರೆ ಟವೆಲನ್ನು ಅವಳ ಹೆಗಲಿಗೆ ಹೊದಿಸಿದ ಮೇಲೂ ಅವನ ಕೈ ಅಲ್ಲೇ ಇತ್ತು.

ಅಜ್ಜಿ ತನ್ನ ಮೆಟ್ಟಿಲ ಮೇಲೆ ನಿಂತು ಹಣೆ, ಎದೆ, ಹೆಗಲು ಮುಟ್ಟಿಕೊಂಡಳು. ಡೋಲಕ್ ಶುರುವಾಯಿತು. ರೋಜಿ ಬೊಗಳಿತು.

ಮಂಗೋರ್ ಹಿಲ್, ಮರುದಿನ ಬೆಳಿಗ್ಗೆ

ಪಾವ್‌ನವನ ಹಾರ್ನ್ ಕೇಳುವ ಮೊದಲೇ ಎದ್ದೆ. ಎಲ್ಲವ್ವ ಬುತ್ತಿ ಹಿಡಿದು ಕೆಲಸಕ್ಕೆ ಇಳಿದು ಹೋಗುವುದು ಕಿಟಕಿಯಿಂದ ಕಂಡಿತು. ಕೆಳಗಿನ ತಿರುವಿನಲ್ಲಿ ಯಾರೋ ಅವಳ ಹೆಸರು ಕೂಗಿದರು, ಅವಳು ಓಗೊಟ್ಟಳು.

ಬಿಳಿ ಸೀರೆ ಬಕೆಟ್ಟಿನಲ್ಲಿತ್ತು. ಉಪ್ಪು ಹೋಗಲೆಂದು ಸಿಹಿನೀರಿನಲ್ಲಿ ಜಾಲಿಸಿದೆ. ಮೆಟ್ಟಿಲ ಮೇಲೆ ಕೂತು ಅಂಚಿನ ಹೊಲಿಗೆ ಬಿಚ್ಚಿ ಸೀಸದ ಗುಂಡುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದೆ. ಮುಂದಿನ ವರ್ಷ ಬೇರೆ ಯಾರಿಗಾದರೂ ಬೇಕಾಗುತ್ತವೆ. ಸೀರೆ ಹಗುರಾಯಿತು. ಎದ್ದು ತಂತಿಗೆ ಹರವಿದೆ.

ನೀರಿನ ಕೊಡ ಹೊತ್ತ ಪರಿಚಯವಿಲ್ಲದ ಹೆಂಗಸೊಬ್ಬಳು ಕೆಳಗಿನ ಮೆಟ್ಟಿಲಲ್ಲಿ ನಿಂತು ನನ್ನನ್ನೂ ಸೀರೆಯನ್ನೂ ನೋಡಿದಳು. "ಹೊಸಬರೇನ್ರಿ? ನೀವೂ ಪ್ರಾರ್ಥನಿಯವರ?"

"ಹೌದ್ರಿ," ಎಂದೆ. "ನನ್ನ ಹೆಸರು ಕರುಣಾ."

ಅವಳು ತಲೆಯಾಡಿಸಿ ಹತ್ತಿ ಹೋದಳು. ನಾನು ಸೀರೆಗೆ ಕ್ಲಿಪ್ಪು ಹಾಕಿದೆ, ಗಾಳಿ ಜೋರಾಗಿತ್ತು.